ಎರಡು ಚುಕ್ಕೆ

ಶಾರ್ಜಾದ ರೋಲಾದಲ್ಲಿ, ಜ್ಯೂಸಿನಂಗಡಿಗೂ
ಕಾರ್ಗೋದವರ ರಟ್ಟಿನ ರಾಶಿಗೂ ನಡುವೆ
ನಮ್ಮ ಟೈಪಿಂಗ್ ಸೆಂಟರು. ನಾಲ್ಕು ಕುರ್ಚಿ, ಒಂದು ಜೆರಾಕ್ಸು.
ಹನ್ನೊಂದು ವರ್ಷದಲ್ಲಿ ಇಲ್ಲಿ ನಾನು ಅತಿ ಹೆಚ್ಚು ಸಲ ಒತ್ತಿದ
ಇಂಗ್ಲಿಷ್ ಮಾತು ಯಾವುದೆಂದರೆ
ಕಣ್ಣು ಮುಚ್ಚಿ ಹೇಳುತ್ತೇನೆ: ಫೈನ್.
ಎಡಗೈಯ ಎರಡು ಬೆರಳು, ಬಲಗೈಯ ಎರಡು.
ಈ ಊರಲ್ಲಿ ಅಷ್ಟು ಸರಿಸಮ ಹಂಚಿಕೆ ಬೇರೆ ಕಂಡಿಲ್ಲ.

ಬುಧವಾರ ಸಂಜೆ ಬಂದವನು ಯಮನೂರಸಾಬ ನದಾಫ,
ಗಜೇಂದ್ರಗಡದವ, ಟೈಲ್ಸ್ ಕೂಡಿಸುವವ.
ಕಂಪನಿ ಬಾಗಿಲು ಹಾಕಿತು, ಮಾಲೀಕ ಫೋನೆತ್ತಲಿಲ್ಲ,
ವೀಸಾ ತನ್ನ ಪಾಡಿಗೆ ತಾನು ಸತ್ತಿತು.
ದಿನಕ್ಕೆ ಐವತ್ತು ದಿರಹಮ್. ಇನ್ನೂರ ಹದಿಮೂರು ದಿನ.
ಗುಣಿಸಿ, ಪರದೆಯನ್ನು ಅವನ ಕಡೆ ತಿರುಗಿಸಿದೆ.
ಅಂಕಿಗಳನ್ನು ಬೆರಳಿಟ್ಟು ಎಣಿಸಿದ,
ಏಕಂ, ದಶಂ, ಶತಂ,
ಅಲ್ಲಿಗೆ ನಿಂತ.

ಅಷ್ಟರಲ್ಲಿ ಮನೆಯಿಂದ ಫೋನು.
'ಫೈನ್ ಅದೀನಿ. ಏಕ್‌ದಂ ಫೈನ್.'
ನನ್ನ ಪರದೆಯ ಮೇಲೂ ಅದೇ ಮಾತು, ಕೆಂಪಕ್ಷರದಲ್ಲಿ.
ಅವನು ಸುಳ್ಳು ಹೇಳಿದನೆನ್ನಲು
ನನ್ನ ಬಳಿ ಪುರಾವೆ ಇರಲಿಲ್ಲ.

ನನ್ನ ಕನ್ನಡ ಕೇಳಿದ್ದೇ ಕುರ್ಚಿ ಎಳಕೊಂಡು ಹತ್ತಿರ ಬಂದ.
'ಅಕ್ಕಾರ, ಹಿಂಗ್ಯಾಕಿದು? ಚಲೋಕ್ಕೂ ಐತಿ, ದಂಡಕ್ಕೂ ಐತಿ?
ಸೈಟಿನ್ಯಾಗ ಪೇಶಾವರದ ಮೇಸ್ತ್ರಿ ಉಸುಕಿಗೂ ಇದನ್ನ ಅಂತಿದ್ದ.
ಫೈನ್, ಫೈನ್ ಅಂತ ಒದರಾಂವ. ಅಂದ್ರ ಸಾಣಿಸಿದ್ದು,
ಮುಟಗಿ ಹಿಡದ್ರ ಸಂದ್ಯಾಗ ಸೋರೋದು.'

ನಮ್ಮದೇನು ಕಡಿಮೆಯೇ, ಅಂದೆ.
ದಂಡ ಅಂದರೆ ಕೋಲು, ಕೋಲಿನ ಪೆಟ್ಟು,
ಪೆಟ್ಟಿನ ಬದಲಿಗೆ ತೆರುವ ದುಡ್ಡು;
ಆ ದುಡ್ಡು ಹೋದದ್ದೂ ದಂಡ.
ಹಳೆಯ ಕಾಗದಗಳಲ್ಲಿ ಜುಲ್ಮಾನೆ,
ಕಿವಿಗೆ ಜುಲುಮೆಯ ತಂಗಿಯಂತೆ ಕೇಳುತ್ತದೆ.
ತಪ್ಪುಕಾಣಿಕೆ ಅಂದರೆ ಮಾತ್ರ ತೊಂದರೆ,
ತಪ್ಪು ಯಾರದೆಂದು ಕೇಳಬೇಕಾಗುತ್ತದೆ.
ಅವನು ಕೇಳಿಯೇ ಬಿಟ್ಟ: 'ನಂದಾ?'
ನಾನು ಪ್ರಿಂಟರಿಗೆ ಕಾಗದ ತುಂಬಿದೆ.
ಇಂಗ್ಲಿಷಿನದಕ್ಕೂ ಬುಡದಲ್ಲಿರುವುದು 'ಕೊನೆ' ಎಂಬ ಅರ್ಥವಂತೆ,
ಕೊಟ್ಟು ಕೈತೊಳೆದರೆ ಮುಗಿಯಿತು ಎಂಬಂತೆ.
ಡಿಕ್ಷನರಿಯಲ್ಲಿ ಓದಿದ್ದೆ. ಅವನಿಗೆ ಹೇಳಲಿಲ್ಲ.

ಮನ್ನಾ ಅರ್ಜಿ ಅರಬಿಯಲ್ಲೇ ಆಗಬೇಕು.
ಸುಡಾನಿನ ಇದ್ರೀಸ್ ನಮಾಜಿಗೆ ಹೋಗಿದ್ದ, ನಾನೇ ಹೊಡೆದೆ,
ಬಲದಿಂದ ಎಡಕ್ಕೆ, ಹಿಂದೆ ಹಿಂದೆ ನಡೆಯುವವಳ ಹಾಗೆ.
ದಂಡಕ್ಕೆ ಅವರು ಗರಾಮಾ ಅನ್ನುತ್ತಾರೆ.
ಕೊನೆಯಲ್ಲೊಂದು ದುಂಡನೆ ಅಕ್ಷರ, ನೆತ್ತಿಯ ಮೇಲೆ ಎರಡು ಚುಕ್ಕೆ.

ಇದ್ರೀಸ್ ಬಂದ, ಬಗ್ಗಿ ಓದಿದ,
ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿದ.
'ಬಾಲ ಬಿಟ್ಟಿದ್ದೀಯಲ್ಲ ತಾಯಿ! ಬಾಲ ಬಿಟ್ಟರೆ ಗರಾಮ್.
ಗರಾಮ್ ಅಂದರೆ ಒಲವು, ನಿದ್ದೆಗೆಡಿಸುವ ಜಾತಿಯದು.
ಬಂಗಾರ ತೂಗುವ ಗ್ರಾಮನ್ನೂ ಹೀಗೇ ಬರೆಯುತ್ತೇವೆ.'
ಅರ್ಜಿ ಕಳಿಸಿಯಾಗಿತ್ತು.

ಮಾನ್ಯ ಅಧಿಕಾರಿಗಳೇ,
ಇನ್ನೂರ ಹದಿಮೂರು ದಿನಗಳ ನನ್ನ ಒಲವನ್ನು
ದಯವಿಟ್ಟು ಮನ್ನಾ ಮಾಡಿರಿ.
ತೀರಿಸುವ ಶಕ್ತಿ ನನಗಿಲ್ಲ.

ಬೈಯುತ್ತಾನೆಂದುಕೊಂಡೇ ಯಮನೂರಸಾಬನಿಗೆ ಹೇಳಿದೆ.
ಟೋಪಿ ತೆಗೆದು ತಲೆ ಕೆರೆದುಕೊಂಡ, ಗೋಡೆಯ ಕ್ಯಾಲೆಂಡರು ನೋಡಿದ.
'ಇರ್ಲಿ ಬಿಡ್ರಿ. ಅದಕ್ಕೂ ದಿನಾ ಲೆಕ್ಕ ಏರಾಕತ್ತೈತಿ.'
ಮೂವತ್ತು ದಿರಹಮ್ ಎಣಿಸಿಟ್ಟು ಎದ್ದ.

ಅವನು ಕೂತಿದ್ದಲ್ಲಿ ಬಿಳಿ ಪುಡಿ,
ಕದ್ದು ಮಾಡಿದ ಕೂಲಿಯದು, ಹಿಟ್ಟಿಗಿಂತ ನುಣುಪು.
ಒರೆಸಲು ಟಿಶ್ಯೂ ಎಳೆದೆ. ಡಬ್ಬಿಯ ಮೇಲೂ,
ನೀಲಿಯಲ್ಲಿ, ಅದೇ ನಾಲ್ಕಕ್ಷರ.

ತಿದ್ದಿದ ಪ್ರತಿ ಸಿದ್ಧವಿದೆ, ಎರಡೂ ಚುಕ್ಕೆ ಜಾಗದಲ್ಲಿವೆ.
ಇದ್ರೀಸ್ ಶಟರು ಎಳೆಯುತ್ತಿದ್ದಾನೆ.
ಮೊದಲಿನದರ ಸ್ಥಿತಿ ನೋಡಿದೆ:
ಪರಿಶೀಲನೆಯಲ್ಲಿದೆ.